ಮೂರು ಮಾರ್ಕ್‌ನಿಂದ ಶುರು ಮಾಡಿ: ಹಳೆಯ ಜರ್ಮನ್ ನಾಣ್ಯ ಕೊಳ್ಳುವವರಿಗೆ

ಪ್ರಶ್ನೆ: ಊರು ಮಂಗಳೂರು, ಕೆಲಸ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಇಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಮೂರು ನಾಣ್ಯ ಕೊಂಡೆ. ಒಂದು, 1876ರ 5 ಮಾರ್ಕ್ ಬೆಳ್ಳಿ ನಾಣ್ಯ, ಚೆನ್ನಾಗಿ ಸವೆದಿದೆ, ತೂಕ 27.1 ಗ್ರಾಂ. ಎರಡು, 1911ರ 3 ಮಾರ್ಕ್, ಅದರಲ್ಲಿ ಗಂಡು-ಹೆಣ್ಣು ಇಬ್ಬರ ಮುಖವಿದೆ. ಮೂರು, 1923ರ 500 ಮಾರ್ಕ್, ಕಾಗದದಷ್ಟು ಹಗುರ. ಇವಲ್ಲದೆ ಊರಿನ ಮನೆಯ ಪೆಟ್ಟಿಗೆಯಲ್ಲಿ ‘1 ರೂಪಿ, 1890’ ಎಂದು ಬರೆದ, ಶಿರಸ್ತ್ರಾಣ ತೊಟ್ಟ ರಾಜನ ಚಿತ್ರವಿರುವ ನಾಣ್ಯವೊಂದಿದೆ. ಅದೂ ಜರ್ಮನಿಯದೇ? ಹದ್ದಿನ ಚಿತ್ರ ನಾಣ್ಯದಿಂದ ನಾಣ್ಯಕ್ಕೆ ಏಕೆ ಬದಲಾಗುತ್ತದೆ? ಅಸಲಿಯೋ ನಕಲಿಯೋ ಎಂದು ಮನೆಯಲ್ಲೇ ನೋಡುವುದು ಹೇಗೆ? ಸಂಗ್ರಹ ಮುಂದುವರಿಸಬೇಕೆಂದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ. 1908ರಿಂದ 1914ರವರೆಗಿನ 3 ಮಾರ್ಕ್ ಬೆಳ್ಳಿ ನಾಣ್ಯಗಳಿಂದ ಶುರು ಮಾಡಿ. ಅವು ಸುಲಭವಾಗಿ ಸಿಗುತ್ತವೆ, ಹೆಚ್ಚಿನವು ಸವೆಯದೆ ಉಳಿದಿವೆ, ಬೆಲೆ ಕೈಗೆಟುಕುತ್ತದೆ. 33 ಮಿಲಿಮೀಟರ್ ಅಗಲ ಇರುವುದರಿಂದ ಚಿತ್ರದ ಕೆಲಸ ಬರಿಗಣ್ಣಿಗೇ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಜರ್ಮನ್ ಸಾಮ್ರಾಜ್ಯ ಹೇಗೆ ಕಟ್ಟಿಕೊಂಡಿತ್ತು ಎಂಬುದು ಹತ್ತು-ಹನ್ನೆರಡು ನಾಣ್ಯಗಳಲ್ಲಿ ಕಣ್ಣೆದುರು ನಿಲ್ಲುತ್ತದೆ. ಸಂತೆಯಲ್ಲಿ ಕಂಡಕಂಡದ್ದನ್ನೆಲ್ಲ ಒಂದೊಂದು ಕೊಳ್ಳುತ್ತ ಹೋದರೆ ಐದು ವರ್ಷದ ನಂತರ ಡಬ್ಬ ತುಂಬಿರುತ್ತದೆ, ಸಂಗ್ರಹ ಆಗಿರುವುದಿಲ್ಲ.

ಹಿನ್ನೆಲೆ ಇಷ್ಟು. 1871ರಲ್ಲಿ ಸಾಮ್ರಾಜ್ಯವಾದಾಗ ಅದರೊಳಗೆ 25 ರಾಜ್ಯಗಳಿದ್ದವು: 22 ರಾಜಮನೆತನಗಳು, ಜೊತೆಗೆ ಹ್ಯಾಂಬರ್ಗ್, ಬ್ರೆಮೆನ್, ಲ್ಯೂಬೆಕ್ ಎಂಬ ಮೂರು ಸ್ವತಂತ್ರ ನಗರಗಳು. ಅದಕ್ಕೆ ಮುಂಚೆ ಉತ್ತರದಲ್ಲಿ ಥಾಲರ್, ದಕ್ಷಿಣದಲ್ಲಿ ಗುಲ್ಡನ್ ಓಡುತ್ತಿದ್ದವು. 1871ರ ಡಿಸೆಂಬರ್ 4ರ ಕಾನೂನು ಚಿನ್ನದ ನಾಣ್ಯಗಳನ್ನೂ 1873ರ ಜುಲೈ 9ರ ಕಾನೂನು ಉಳಿದ ನಾಣ್ಯಗಳನ್ನೂ ತಂದವು. 1876ರ ಜನವರಿ 1ರಿಂದ ದೇಶಕ್ಕೆಲ್ಲ ಮಾರ್ಕ್ ಒಂದೇ. ಆದರೆ ನಾಣ್ಯದ ಮೇಲೆ ಯಾರ ಮುಖ ಇರಬೇಕು ಎಂಬ ವಿಷಯದಲ್ಲಿ ಒಪ್ಪಂದವಾದದ್ದು ಹೀಗೆ: 1 ಮಾರ್ಕ್ ಮತ್ತು ಅದಕ್ಕಿಂತ ಚಿಕ್ಕವು ದೇಶಕ್ಕೆಲ್ಲ ಒಂದೇ ನಮೂನೆ, ಯಾರ ಮುಖವೂ ಇಲ್ಲ. ಅದಕ್ಕೂ ದೊಡ್ಡ ನಾಣ್ಯಗಳಲ್ಲಿ ಒಂದು ಬದಿ ಆಯಾ ರಾಜ್ಯದ ದೊರೆಗೆ ಅಥವಾ ನಗರದ ಲಾಂಛನಕ್ಕೆ, ಇನ್ನೊಂದು ಬದಿ ಸಾಮ್ರಾಜ್ಯದ ಹದ್ದಿಗೆ. ಆದ್ದರಿಂದ ಮಾರ್ಕ್ ನಾಣ್ಯಗಳಲ್ಲಿ ಕೈಸರನ, ಅಂದರೆ ಚಕ್ರವರ್ತಿಯ ಮುಖ ಪ್ರಶ್ಯದವುಗಳ ಮೇಲೆ ಮಾತ್ರ ಇದೆ, ಅದೂ ‘ಜರ್ಮನ್ ಚಕ್ರವರ್ತಿ, ಪ್ರಶ್ಯದ ದೊರೆ’ ಎಂಬ ಜೋಡಿ ಬಿರುದಿನೊಂದಿಗೆ. ಬವೇರಿಯದ ನಾಣ್ಯದಲ್ಲಿ ಬವೇರಿಯದ ದೊರೆ, ಸ್ಯಾಕ್ಸನಿಯದರಲ್ಲಿ ಸ್ಯಾಕ್ಸನಿಯ ದೊರೆ. ಬವೇರಿಯದ ನಾಣ್ಯ ಬರ್ಲಿನ್‌ನಲ್ಲೂ ಚಲಾವಣೆಯಾಗುತ್ತಿತ್ತು.

ಬೆಳ್ಳಿಯ ಲೆಕ್ಕವೂ ಅಚ್ಚುಕಟ್ಟು. ಸಾವಿರಕ್ಕೆ 900 ಭಾಗ ಬೆಳ್ಳಿ, ಉಳಿದದ್ದು ತಾಮ್ರ. ಒಂದು ಮಾರ್ಕ್‌ಗೆ ಸರಿಯಾಗಿ 5 ಗ್ರಾಂ ಶುದ್ಧ ಬೆಳ್ಳಿ. ಅಂದರೆ 2 ಮಾರ್ಕ್‌ನಲ್ಲಿ 10 ಗ್ರಾಂ, 3 ಮಾರ್ಕ್‌ನಲ್ಲಿ 15, 5 ಮಾರ್ಕ್‌ನಲ್ಲಿ 25. ತಾಮ್ರ ಸೇರಿ ಒಟ್ಟು ತೂಕ 11.11, 16.67 ಮತ್ತು 27.78 ಗ್ರಾಂ. ಅಗಲ 28, 33, 38 ಮಿಲಿಮೀಟರ್. ಇಷ್ಟನ್ನು ಬಾಯಿಪಾಠ ಮಾಡಿಕೊಳ್ಳಿ. ಕೊಳ್ಳುವ ದಿನದ ಬೆಳ್ಳಿ ದರದಿಂದ 15 ಅಥವಾ 25 ಗ್ರಾಂ ಗುಣಿಸಿದರೆ ಆ ನಾಣ್ಯದ ಕನಿಷ್ಠ ಬೆಲೆ ಸಿಕ್ಕಿಬಿಡುತ್ತದೆ. ಅದರ ಮೇಲೆ ಕೇಳುವ ಹಣ ಸ್ಥಿತಿಗೋ ಅಪರೂಪಕ್ಕೋ ತಕ್ಕದ್ದೇ ಎಂದು ಯೋಚಿಸುವುದಷ್ಟೇ ಉಳಿಯುತ್ತದೆ. ಬೆಲೆ ಆ ಮಟ್ಟಕ್ಕಿಂತ ತೀರಾ ಕೆಳಗಿದ್ದರೆ ಹಿಗ್ಗಬೇಡಿ, ಅನುಮಾನಪಡಿ.

3 ಮಾರ್ಕ್ 1908ರಲ್ಲಿ ಹುಟ್ಟಿದ್ದಕ್ಕೂ ಕಾರಣವಿದೆ. ಹಳೆಯ ಥಾಲರ್ ಮೂರು ಮಾರ್ಕ್‌ಗೆ ಸಮ ಎಂದು 1907ರವರೆಗೂ ಚಲಾವಣೆಯಲ್ಲಿತ್ತು. ಅದನ್ನು ಹಿಂದೆಗೆದಾಗ ಜನರ ಕೈಗೆ ರೂಢಿಯಾಗಿದ್ದ ಬೆಲೆಯ ನಾಣ್ಯವೇ ಇಲ್ಲದಂತಾಯಿತು. ಆ ಜಾಗ ತುಂಬಲು 3 ಮಾರ್ಕ್ ಬಂತು. ಜನ ಅದನ್ನೂ ಥಾಲರ್ ಎಂದೇ ಕರೆದರು.

ಈಗ ಹದ್ದು. ನಿಮ್ಮ 1876ರ 5 ಮಾರ್ಕನ್ನೂ 1911ರ 3 ಮಾರ್ಕನ್ನೂ ಅಕ್ಕಪಕ್ಕ ಇಟ್ಟು ನೋಡಿ. 1876ರ ಹದ್ದು ಚಿಕ್ಕದು, ಎದೆಯ ಮೇಲಿನ ಗುರಾಣಿ ದೊಡ್ಡದು. 1911ರದ್ದರಲ್ಲಿ ಹದ್ದು ರೆಕ್ಕೆ ಬಿಚ್ಚಿ ನಾಣ್ಯದ ತುಂಬ ಹರಡಿದೆ, ಗುರಾಣಿ ಕುಗ್ಗಿದೆ. 1888ರಲ್ಲಿ ಪಟ್ಟಕ್ಕೆ ಬಂದ ಕೈಸರ್ ಎರಡನೇ ವಿಲ್ಹೆಲ್ಮ್ ಮರುವರ್ಷ ಸಾಮ್ರಾಜ್ಯದ ಲಾಂಛನವನ್ನೇ ತಿದ್ದಿಸಿದ. 1890ರ ಆಸುಪಾಸಿನಿಂದ ನಾಣ್ಯಗಳಿಗೂ ಆ ಹೊಸ ಹದ್ದು ಬಂತು. ಸಂಗ್ರಾಹಕರು ಇವನ್ನು ‘ಚಿಕ್ಕ ಹದ್ದು’, ‘ದೊಡ್ಡ ಹದ್ದು’ ಎಂದೇ ವಿಂಗಡಿಸುತ್ತಾರೆ. ಗುರಾಣಿಯನ್ನು ಮಸೂರದಲ್ಲಿ ನೋಡಿದರೆ ಒಳಗೆ ಇನ್ನೊಂದು ಹದ್ದಿದೆ, ಅದು ಪ್ರಶ್ಯದ್ದು. ಅದರ ಎದೆಯ ಮೇಲೂ ಒಂದು ಪುಟ್ಟ ಗುರಾಣಿ, ನಾಲ್ಕು ಚೌಕದ್ದು, ಅದು ಹೋಹೆನ್‌ಝೋಲರ್ನ್ ಮನೆತನದ್ದು. ದೇಶದೊಳಗೆ ರಾಜ್ಯ, ರಾಜ್ಯದೊಳಗೆ ಮನೆತನ. ಬವೇರಿಯದ ನಾಣ್ಯದ ಹಿಂಬದಿಯಲ್ಲೂ ಪ್ರಶ್ಯದ ಮನೆತನದ ಗುರುತು ಹೀಗೆ ನುಸುಳಿತ್ತು. ಹದ್ದಿನ ತಲೆಯ ಮೇಲೆ ತೇಲುವ ಕಿರೀಟವಂತೂ ನಿಜದಲ್ಲಿ ತಯಾರಾಗಲೇ ಇಲ್ಲ. ಅದರ ನಕ್ಷೆಯೂ ಮರದ ಮಾದರಿಯೂ ಇದ್ದವು, ಚಿನ್ನದ ಕಿರೀಟ ಇರಲಿಲ್ಲ. 1919ರ ನಂತರ ಗಣರಾಜ್ಯ ಹದ್ದನ್ನು ಉಳಿಸಿಕೊಂಡಿತು, ಕಿರೀಟ ಮತ್ತು ಗುರಾಣಿಗಳನ್ನು ಕಳಚಿಹಾಕಿತು.

ಅಂಚು ಇನ್ನೂ ಹೆಚ್ಚು ಮಾತಾಡುತ್ತದೆ, ಆದರೆ ಹೊಸಬರು ಅಂಚನ್ನು ನೋಡುವುದೇ ಇಲ್ಲ. ಸಾಮ್ರಾಜ್ಯದ ಕಾಲದ 3 ಮತ್ತು 5 ಮಾರ್ಕ್ ಬೆಳ್ಳಿ, 20 ಮಾರ್ಕ್ ಚಿನ್ನ, ಇವುಗಳ ಅಂಚಿನಲ್ಲಿ ‘ಗಾಟ್ ಮಿಟ್ ಉನ್ಸ್’ ಎಂದು ತಗ್ಗಕ್ಷರದಲ್ಲಿ ಬರೆದಿರುತ್ತದೆ. ದೇವರು ನಮ್ಮೊಡನಿದ್ದಾನೆ ಎಂಬುದು ಪ್ರಶ್ಯದ ರಾಜಮನೆತನದ ಘೋಷವಾಕ್ಯ. 1919ರ ನಂತರದ ವೈಮರ್ ಗಣರಾಜ್ಯದ 3 ಮತ್ತು 5 ಮಾರ್ಕ್ ಬೆಳ್ಳಿಯ ಅಂಚಿಗೆ ‘ಐಕ್ಯ, ನ್ಯಾಯ, ಸ್ವಾತಂತ್ರ್ಯ’ ಎಂಬ ಅರ್ಥದ ಮಾತು ಬಂತು. ನಾಜಿಗಳು 5 ಮಾರ್ಕ್‌ನಲ್ಲಿ ಅದನ್ನು ತೆಗೆದು ‘ಸ್ವಂತ ಲಾಭಕ್ಕಿಂತ ಸಮಾಜದ ಲಾಭ ಮೊದಲು’ ಎಂಬ ತಮ್ಮ ಪಕ್ಷದ ಘೋಷಣೆ ಕೊರೆಸಿದರು. 1951ರ ಪಶ್ಚಿಮ ಜರ್ಮನಿಯ 5 ಮಾರ್ಕ್‌ಗೆ ಮತ್ತೆ ಐಕ್ಯ, ನ್ಯಾಯ, ಸ್ವಾತಂತ್ರ್ಯ ಮರಳಿತು. ನಾಲ್ಕು ಆಳ್ವಿಕೆಗಳ ನಾಲ್ಕು ನಾಣ್ಯಗಳನ್ನು ನಿಲ್ಲಿಸಿಟ್ಟರೆ ಸಾಕು, ಮುಖ ನೋಡುವುದೇ ಬೇಡ.

ಸಾಮ್ರಾಜ್ಯದ ನಾಣ್ಯಗಳ ಅಂಚಿನ ಬರಹವನ್ನು ಮುಖ ಒತ್ತುವ ಮೊದಲೇ, ಖಾಲಿ ಬಿಲ್ಲೆಯನ್ನು ಅಕ್ಷರವಿರುವ ಎರಡು ಪಟ್ಟಿಗಳ ನಡುವೆ ಉರುಳಿಸಿ ಮೂಡಿಸುತ್ತಿದ್ದರು. ಆಮೇಲೆ ಬಿಲ್ಲೆ ಅಚ್ಚಿನ ಕೆಳಗೆ ಯಾವ ಮಗ್ಗುಲಾಗಿ ಬೀಳುತ್ತದೋ ಅದು ಆಕಸ್ಮಿಕ. ಆದ್ದರಿಂದ ಬರಹ ತಲೆಕೆಳಗಾಗಿ ಕಂಡರೆ ಅದು ದೋಷವೂ ಅಲ್ಲ, ಅಪರೂಪವೂ ಅಲ್ಲ. ಹಾಗೆ ಹೇಳಿ ಹೆಚ್ಚು ಬೆಲೆ ಕೇಳುವವರಿಂದ ದೂರವಿರಿ. ಆದರೆ 5 ಮಾರ್ಕ್‌ನ ಅಂಚಿನಲ್ಲಿ ಬರಹದ ಬದಲು ಬರೀ ಗೀರುಗಳಿದ್ದರೆ ಅಥವಾ ಅಂಚಿನ ಸುತ್ತ ಸಣ್ಣ ಜೋಡಣೆಯ ಗೆರೆ ಕಂಡರೆ ಅದು ನಕಲಿ. 2 ಮಾರ್ಕ್‌ಗೆ ಗೀರಂಚೇ ಸರಿ.

ಮನೆಯಲ್ಲಿ ಪರೀಕ್ಷಿಸಲು ಬೇಕಾದದ್ದು ನಾಲ್ಕೇ: 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ, ಅಗಲ ಅಳೆಯುವ ಕ್ಯಾಲಿಪರ್, ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ, ಒಂದು ನಿಯೋಡಿಮಿಯಂ ಅಯಸ್ಕಾಂತ. ಕ್ಯಾಲಿಪರ್ ಪ್ಲಾಸ್ಟಿಕ್‌ನದಾಗಿರಲಿ, ಉಕ್ಕಿನದು ನಾಣ್ಯದ ಅಂಚನ್ನು ಗೀಚುತ್ತದೆ.

ಮೊದಲು ಅಯಸ್ಕಾಂತ. ಬೆಳ್ಳಿ ನಾಣ್ಯ ಅಂಟಬಾರದು. ಓರೆಯಾಗಿ ಹಿಡಿದ ನಾಣ್ಯದ ಮೇಲೆ ಅಯಸ್ಕಾಂತ ಬಿಟ್ಟರೆ ಅದು ತಡವರಿಸುತ್ತ ನಿಧಾನಕ್ಕೆ ಜಾರಬೇಕು. ಆದರೆ ಅಂಟಿದ್ದೆಲ್ಲ ನಕಲಿಯಲ್ಲ ಎಂಬುದೂ ನೆನಪಿರಲಿ: 1915ರ ನಂತರದ 5 ಪ್ಫೆನಿಗ್ (100 ಪ್ಫೆನಿಗ್‌ಗೆ ಒಂದು ಮಾರ್ಕ್), 1916ರ ನಂತರದ 10 ಪ್ಫೆನಿಗ್ ಯುದ್ಧಕಾಲದ ಕಬ್ಬಿಣದವು ಇವೆ. 1909ರಿಂದ 1912ರ 25 ಪ್ಫೆನಿಗ್ ಶುದ್ಧ ನಿಕ್ಕೆಲ್. ಇವು ಅಂಟಲೇಬೇಕು.

ಆಮೇಲೆ ತೂಕ. ನಿಮ್ಮ 5 ಮಾರ್ಕ್ 27.1 ಗ್ರಾಂ ಇರುವುದರಿಂದ ಗಾಬರಿ ಬೇಡ. 1870ರ ದಶಕದ 5 ಮಾರ್ಕ್‌ಗಳು ದಶಕಗಟ್ಟಲೆ ಕೈಯಿಂದ ಕೈಗೆ ಓಡಾಡಿದವು, ಅರ್ಧ ಗ್ರಾಂಗಿಂತ ಹೆಚ್ಚು ಸವೆದದ್ದು ನಂಬುವಂಥದ್ದೇ. ಚಿತ್ರವೂ ಅಷ್ಟೇ ಸವೆದಿರಬೇಕು ಎಂಬುದು ಷರತ್ತು. ಕೂದಲಿನ ಎಳೆ, ಹದ್ದಿನ ಗರಿ ಎಲ್ಲ ಹೊಚ್ಚಹೊಸದರಂತೆ ಚೂಪಾಗಿದ್ದು ತೂಕ ಮಾತ್ರ 27.1 ಇದ್ದರೆ ಆ ನಾಣ್ಯ ಸುಳ್ಳು ಹೇಳುತ್ತಿದೆ.

ತೂಕ ಹೊಂದಿದರೂ ಲೋಹ ಬೇರೆಯಿರಬಹುದು. ಅದಕ್ಕೆ ನೀರಿನ ಪರೀಕ್ಷೆ. ಗಾಜಿನ ಸಣ್ಣ ಲೋಟದಲ್ಲಿ ನೀರು ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಸೊನ್ನೆ ಮಾಡುವ ಮೊದಲೇ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ, ಇಲ್ಲದಿದ್ದರೆ ನಾಣ್ಯಕ್ಕೆ ಗುಳ್ಳೆ ಹಿಡಿದು ಲೆಕ್ಕ ತಪ್ಪುತ್ತದೆ. ನಾಣ್ಯವನ್ನು ಸಣ್ಣ ದಾರದಲ್ಲಿ ಕಟ್ಟಿ ಪೂರ್ತಿ ಮುಳುಗುವಂತೆ ಇಳಿಬಿಡಿ, ತಳಕ್ಕೂ ಬದಿಗೂ ತಾಗಬಾರದು. ಆಗ ತಕ್ಕಡಿ ತೋರಿಸುವ ಸಂಖ್ಯೆಯಿಂದ ನಾಣ್ಯದ ಒಣ ತೂಕವನ್ನು ಭಾಗಿಸಿ. 900ರ ಬೆಳ್ಳಿಗೆ 10.3ರ ಹತ್ತಿರ ಬರಬೇಕು, 900ರ ಚಿನ್ನಕ್ಕೆ 17.2ರ ಹತ್ತಿರ. ನಿಮ್ಮ 27.1 ಗ್ರಾಂ ನಾಣ್ಯ ಬೆಳ್ಳಿಯದಾದರೆ ತಕ್ಕಡಿ 2.63 ತೋರಿಸುತ್ತದೆ. ತಾಮ್ರ-ನಿಕ್ಕೆಲ್-ಸತುವಿನ ಮಿಶ್ರಲೋಹದ ನಕಲಿಯಾದರೆ 3.1ರ ಮೇಲೆ ಹೋಗುತ್ತದೆ. ಇಷ್ಟು ದೊಡ್ಡ ವ್ಯತ್ಯಾಸ ಅಡುಗೆಮನೆಯ ಮೇಜಿನ ಮೇಲೂ ತಪ್ಪುವುದಿಲ್ಲ. 20 ಮಾರ್ಕ್ ಚಿನ್ನದ ತೂಕ 7.965 ಗ್ರಾಂ, ನೀರಿನಲ್ಲಿ 0.46 ತೋರಿಸಬೇಕು. ಅಲ್ಲಿ 0.01ರ ಏರುಪೇರೇ ಫಲಿತಾಂಶವನ್ನು ಎಳೆದಾಡುವುದರಿಂದ ಮೂರ್ನಾಲ್ಕು ಸಲ ಮಾಡಿ ಸರಾಸರಿ ಹಿಡಿಯಿರಿ. ಪರೀಕ್ಷೆ ಮುಗಿದ ಮೇಲೆ ಶುದ್ಧ ನೀರಿನಲ್ಲಿ ಅದ್ದಿ ಮೆತ್ತನೆಯ ಬಟ್ಟೆಯ ನಡುವೆ ಒತ್ತಿ ಒಣಗಿಸಿ. ಉಜ್ಜಬೇಡಿ. ಕಬ್ಬಿಣ ಮತ್ತು ಸತುವಿನ ನಾಣ್ಯಗಳನ್ನು ಈ ಪರೀಕ್ಷೆಗೆ ಒಡ್ಡಲೇಬೇಡಿ.

ಲೋಹ ಸರಿಯಿದ್ದೂ ನಕಲಿ ಆಗಿರುವುದು ದುಬಾರಿ ನಾಣ್ಯಗಳಲ್ಲಿ. ಅಲ್ಲಿ ಮಸೂರವೇ ಗತಿ. ಎರಕ ಹೊಯ್ದ ನಕಲಿಯ ಖಾಲಿ ಜಾಗದಲ್ಲಿ ಸೂಜಿಮೊನೆಯಷ್ಟು ಗುಳಿಗಳು, ಅಕ್ಷರದ ಬುಡದಲ್ಲಿ ದುಂಡಗಿನ ಮೆತ್ತನೆಯ ನೋಟ ಇರುತ್ತದೆ. ಒತ್ತಿದ ಅಸಲಿ ನಾಣ್ಯದಲ್ಲಿ ಅಕ್ಷರ ಬಯಲಿನಿಂದ ಗೋಡೆಯಂತೆ ನೇರವಾಗಿ ಏಳುತ್ತದೆ.

ಇನ್ನು ನಿಮ್ಮ 1911ರ ನಾಣ್ಯ. ಅದು ನೀವಿರುವ ಊರಿನದೇ. ಹದ್ದಿನ ಬದಿಯಲ್ಲಿ ‘ಎಫ್’ ಎಂಬ ಪುಟ್ಟ ಅಕ್ಷರ ಹುಡುಕಿ, ಅದು ಸ್ಟುಟ್‌ಗಾರ್ಟ್ ಟಂಕಸಾಲೆಯ ಗುರುತು. ಮುಖ ವ್ಯೂರ್ಟೆಂಬರ್ಗ್‌ನ ದೊರೆ ಎರಡನೇ ವಿಲ್ಹೆಲ್ಮ್ ಮತ್ತು ರಾಣಿ ಶಾರ್ಲೊಟ್ಟೆಯದು, ಅವರ ಮದುವೆಯ 25ನೇ ವರ್ಷದ ನೆನಪಿಗೆ ಹೊಡೆಸಿದ್ದು. ಕೈಸರನೂ ಎರಡನೇ ವಿಲ್ಹೆಲ್ಮ್, ಈತನೂ ಎರಡನೇ ವಿಲ್ಹೆಲ್ಮ್. ಇಬ್ಬರೂ ಒಂದೇ ಕಾಲದವರು, ವ್ಯಕ್ತಿ ಬೇರೆ. ಸಂತೆಯ ವ್ಯಾಪಾರಿಗಳೂ ಇದರಲ್ಲಿ ಎಡವುತ್ತಾರೆ, ಬಿರುದು ಓದಿ.

ಈ ನಾಣ್ಯವನ್ನು ಮಸೂರದ ಕೆಳಗೆ ಹಿಡಿದು ರಾಣಿಯ ಹೆಸರಿನ ಎರಡನೇ ಅಕ್ಷರ ‘ಎಚ್’ ಅನ್ನು ನೋಡಿ. ಸಾಮಾನ್ಯ ನಾಣ್ಯಗಳಲ್ಲಿ ಅದರ ಅಡ್ಡಗೆರೆ ನಡುವಿನಲ್ಲಿರುತ್ತದೆ. ತೀರಾ ಕಡಿಮೆ ಸಂಖ್ಯೆಯ ನಾಣ್ಯಗಳಲ್ಲಿ ಆ ಗೆರೆ ಎದ್ದು ಕಾಣುವಷ್ಟು ಮೇಲಕ್ಕಿದೆ. ಸಂಗ್ರಾಹಕರೆಲ್ಲ ಬಳಸುವ ಯೇಗರ್ ಪಟ್ಟಿಯಲ್ಲಿ ಸಾಮಾನ್ಯದ್ದು 177ಎ, ಮೇಲ್ಗೆರೆಯದ್ದು 177ಬಿ. ಎರಡನೆಯದರ ಬೆಲೆ ಮೊದಲನೆಯದಕ್ಕಿಂತ ಹಲವು ಪಟ್ಟು. ಹಾಗಾಗಿಯೇ ಗೆರೆಯನ್ನು ಕೆರೆದು ಮೇಲೆ ಕೂರಿಸುವ ಕೈಚಳಕಕ್ಕೆ ಆಸೆ ಹುಟ್ಟುತ್ತದೆ. ಮೇಲ್ಗೆರೆ ಕಂಡರೆ ಕುಣಿಯುವ ಮುನ್ನ ಎರಡು ಕಾಲುಗಳ ನಡುವಿನ ಜಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಅಲ್ಲಿನ ಹೊಳಪು ಅಕ್ಕಪಕ್ಕದ ಬಯಲಿನದರಂತೆಯೇ ಒಂದೇ ಸಮ ಇದೆಯೋ, ಉಪಕರಣದ ಗೀಚು ಇದೆಯೋ? ಸಂಶಯವಿದ್ದರೆ ಪರಿಣತ ವ್ಯಾಪಾರಿಗೆ ತೋರಿಸಿ.

ಟಂಕಸಾಲೆಯ ಉಳಿದ ಅಕ್ಷರಗಳು: ಬರ್ಲಿನ್ ‘ಎ’, ಮ್ಯೂನಿಕ್ ‘ಡಿ’, ಕಾರ್ಲ್ಸ್‌ರೂಹೆ ‘ಜಿ’, ಹ್ಯಾಂಬರ್ಗ್ ‘ಜೆ’. ‘ಇ’ ಎಂದರೆ 1886ರವರೆಗೆ ಡ್ರೆಸ್ಡೆನ್, 1887ರಿಂದ ಫ್ರೈಬರ್ಗ್ ಬಳಿಯ ಮುಲ್ಡೆನ್‌ಹ್ಯೂಟೆನ್. ‘ಬಿ’ ಹನೋವರ್, ‘ಸಿ’ ಫ್ರಾಂಕ್‌ಫರ್ಟ್, ‘ಎಚ್’ ಡಾರ್ಮ್‌ಸ್ಟಾಟ್. ಈ ಮೂರರಲ್ಲಿ ಮೊದಲೆರಡು ಸಾಮ್ರಾಜ್ಯದ ಮೊದಲ ದಶಕದಲ್ಲೇ ಮುಚ್ಚಿದವು, ಡಾರ್ಮ್‌ಸ್ಟಾಟ್ 1882ರವರೆಗೆ ಎಳೆಯಿತು. 1905ರ ನಾಣ್ಯದ ಮೇಲೆ ‘ಸಿ’ ಕಂಡರೆ ಮುಂದೆ ಯೋಚಿಸಬೇಕಾದ್ದೇ ಇಲ್ಲ. ಮುಂದೆ 1938ರಿಂದ 1944ರವರೆಗೆ ‘ಬಿ’ ವಿಯೆನ್ನಾಕ್ಕೆ ಹೋಯಿತು. ಒಂದೇ ನಾಣ್ಯ, ಒಂದೇ ವರ್ಷ, ಆದರೆ ಅಕ್ಷರದಿಂದ ಬೆಲೆ ಹತ್ತು ಪಟ್ಟು ಬೇರೆಯಾಗಬಹುದು. ಆದ್ದರಿಂದ ಕೊಳ್ಳುವ ಮುನ್ನ ವರ್ಷ, ಅಕ್ಷರ ಎರಡನ್ನೂ ಪಟ್ಟಿಯಲ್ಲಿ ನೋಡಿಯೇ ಹಣ ಎಣಿಸಿ.

3 ಮಾರ್ಕ್ ಸರಣಿಗೆ ಬುನಾದಿಯಾಗಿ ಪ್ರಶ್ಯ, ಬವೇರಿಯ, ಸ್ಯಾಕ್ಸನಿ, ವ್ಯೂರ್ಟೆಂಬರ್ಗ್, ಬಾಡೆನ್, ಹ್ಯಾಂಬರ್ಗ್ ಈ ಆರನ್ನು ಹಿಡಿಯಿರಿ. ಹ್ಯಾಂಬರ್ಗ್‌ನದರಲ್ಲಿ ದೊರೆಯ ಮುಖವಿಲ್ಲ, ಎರಡು ಸಿಂಹಗಳು ಹಿಡಿದಿರುವ ಮೂರು ಗೋಪುರದ ಕೋಟೆಯ ಲಾಂಛನವಿದೆ. ಬವೇರಿಯದ್ದು ಮನಸ್ಸನ್ನು ತಟ್ಟುವಂಥದ್ದು: 1913ರವರೆಗೂ ನಾಣ್ಯದ ಮೇಲಿರುವುದು ದೊರೆ ಓಟ್ಟೊ. ಆತ ಮಾನಸಿಕ ಕಾಯಿಲೆಯಿಂದ ಮ್ಯೂನಿಕ್ ಬಳಿಯ ಫ್ಯೂರ್ಸ್ಟೆನ್‌ರೀಡ್ ಅರಮನೆಯಲ್ಲಿ ಬಂದಿಯಂತೆ ಬದುಕಿದ. ರಾಜ್ಯಭಾರ ಮಾಡಿದ್ದು 1886ರಿಂದ ಚಿಕ್ಕಪ್ಪ ಲೂಯಿಟ್‌ಪೋಲ್ಡ್. ಆಳಿದವನ ಮುಖ ನಾಣ್ಯಕ್ಕೆ ಬಂದದ್ದು 1911ರಲ್ಲಿ, ಅವನ 90ನೇ ಹುಟ್ಟುಹಬ್ಬಕ್ಕೆ ಮಾತ್ರ. ಓಟ್ಟೊನ 3 ಮಾರ್ಕ್ ಪಕ್ಕದಲ್ಲಿ ಲೂಯಿಟ್‌ಪೋಲ್ಡ್‌ನ 1911ರದ್ದನ್ನು ಇಡಿ, ಎರಡೂ ಸುಲಭವಾಗಿ ಸಿಗುತ್ತವೆ. ಬ್ರೆಮೆನ್‌ಗಾಗಿ ಹುಡುಕಬೇಡಿ, ಅದು 3 ಮಾರ್ಕ್ ಹೊಡೆಸಲೇ ಇಲ್ಲ.

ಬಳಿಕ ಸ್ಮಾರಕ ನಾಣ್ಯಗಳು. 1913ರ ಪ್ರಶ್ಯದ್ದರಲ್ಲಿ ದೊರೆ ಕುದುರೆಯ ಮೇಲಿದ್ದಾನೆ, ಜನ ಮುತ್ತಿಕೊಂಡಿದ್ದಾರೆ, ಹಿಂಬದಿಯಲ್ಲಿ ಹದ್ದು ಹಾವನ್ನು ಹಿಡಿದಿದೆ. ನೆಪೋಲಿಯನ್ ವಿರುದ್ಧ 1813ರ ಮಾರ್ಚ್ 17ರಂದು ಕೊಟ್ಟ ಕರೆಯ ನೂರನೇ ವರ್ಷ ಅದು. ಅದೇ ವರ್ಷ ಸ್ಯಾಕ್ಸನಿ ಲೈಪ್‌ಜಿಗ್‌ನ 91 ಮೀಟರ್ ಎತ್ತರದ ಯುದ್ಧಸ್ಮಾರಕದ ಚಿತ್ರವಿರುವ 3 ಮಾರ್ಕ್ ಹೊಡೆಸಿತು. ಲೈಪ್‌ಜಿಗ್ ಯುದ್ಧದಲ್ಲಿ ಸ್ಯಾಕ್ಸನಿಯ ದೊರೆ ಇದ್ದದ್ದು ನೆಪೋಲಿಯನ್ ಪಾಳಯದಲ್ಲಿ. ಯುದ್ಧದ ನಡುವೆ ಅವನ ಪಡೆ ಎದುರಾಳಿಗಳ ಕಡೆ ಸೇರಿತು, ದೊರೆ ಸೆರೆಯಾದ. ನೂರು ವರ್ಷದ ಮೇಲೆ ಅದೇ ಸೋಲು ರಾಷ್ಟ್ರದ ಗೆಲುವಾಗಿ ಸ್ಯಾಕ್ಸನಿಯ ನಾಣ್ಯದ ಮೇಲೇ ಮೂಡಿತು. ಈ ನಾಣ್ಯ ಯಥೇಚ್ಛವಾಗಿ ಸಿಗುತ್ತದೆ, ಚೆನ್ನಾದ ಪ್ರತಿಯನ್ನೇ ಆರಿಸಿ.

ದೂರವಿಡಬೇಕಾದ್ದೂ ಸ್ಯಾಕ್ಸನಿಯದೇ: 1917ರ 3 ಮಾರ್ಕ್, ಲೂಥರ್‌ಗೆ ಆಶ್ರಯ ಕೊಟ್ಟ ಫ್ರೀಡ್ರಿಖ್ ದೊರೆಯ ಚಿತ್ರ, ಧರ್ಮಸುಧಾರಣೆಯ 400ನೇ ವರ್ಷದ್ದು. ಹೊಡೆದದ್ದು ಬರೀ 100. ಸಂತೆಯಲ್ಲೋ ಆನ್‌ಲೈನ್ ಹರಾಜಿನಲ್ಲೋ ಅಗ್ಗಕ್ಕೆ ಕಂಡರೆ ಅದು ಪ್ರತಿಕೃತಿ, ಅನುಮಾನವೇ ಬೇಡ. ಬವೇರಿಯದ 1918ರ ದೊರೆ-ರಾಣಿಯ ಮದುವೆಯ 50ನೇ ವರ್ಷದ 3 ಮಾರ್ಕ್‌ಗೂ ಇದೇ ಮಾತು.

1923ರ ನಿಮ್ಮ 500 ಮಾರ್ಕ್ ಅಲ್ಯೂಮಿನಿಯಂ, 1.67 ಗ್ರಾಂ. ಹಣದುಬ್ಬರ ಎಷ್ಟು ವೇಗವಾಗಿತ್ತೆಂದರೆ ಆ ವರ್ಷದ ನವೆಂಬರ್‌ನಲ್ಲಿ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್. ನವೆಂಬರ್ 15ಕ್ಕೆ ರೆಂಟನ್‌ಮಾರ್ಕ್ ಬಂದಾಗ ಒಂದು ಹೊಸ ಮಾರ್ಕ್‌ಗೆ ಒಂದು ಲಕ್ಷ ಕೋಟಿ ಹಳೆಯ ಮಾರ್ಕ್ ಕೊಡಬೇಕಾಯಿತು. ಈ ಬಿಲ್ಲೆಗಳು ರಾಶಿರಾಶಿ ಉಳಿದಿವೆ, ಬೆಲೆ ಅಲ್ಪ. ಹೊಳಪು ಮಾಸದ ಒಂದು ಪ್ರತಿ ಇದ್ದರೆ ಸಾಕು. ಇದೇ ಕಾಲದ ಇನ್ನೊಂದು ವಿಶೇಷ ಮೈಸನ್ ಕಾರ್ಖಾನೆಯ ಕಂದು ಬಣ್ಣದ ಪಿಂಗಾಣಿ ನಾಣ್ಯಗಳು: ಲೋಹದ ಬರದಲ್ಲಿ 1920-21ರಲ್ಲಿ ಮಾಡಿದವು, ಮೇಲೆ ಅಡ್ಡಡ್ಡ ಇಟ್ಟ ಎರಡು ಕತ್ತಿಗಳ ಗುರುತು. ಇಷ್ಟವಾದರೆ ಒಂದನ್ನು ತೆಗೆದುಕೊಳ್ಳಿ, ಬೀಳಿಸಬೇಡಿ.

ಜರ್ಮನ್ ವ್ಯಾಪಾರಿಗಳ ಪಟ್ಟಿಯಲ್ಲಿ ಸ್ಥಿತಿಯನ್ನು ಹೀಗೆ ಬರೆಯುತ್ತಾರೆ: ‘ಶ್ಯೋನ್’ ಎಂದರೆ ಸುಂದರ ಎಂದುಕೊಂಡು ಮೋಸ ಹೋಗಬೇಡಿ, ಚೆನ್ನಾಗಿ ಸವೆದದ್ದಕ್ಕೇ ಆ ದರ್ಜೆ. ‘ಝೇರ್ ಶ್ಯೋನ್’ ಮಧ್ಯಮ, ಓಡಾಡಿದ ನಾಣ್ಯ. ‘ಫೋರ್‌ಟ್ಸ್ಯೂಗ್ಲಿಖ್’ ಎಂದರೆ ಎತ್ತರದ ಭಾಗಗಳಲ್ಲಿ ಮಾತ್ರ ತುಸು ಸವೆತ. 3 ಮಾರ್ಕ್ ಸರಣಿಗೆ ಈ ದರ್ಜೆ ಹಿಡಿಯುವುದೇ ಸರಿ, ಚಿತ್ರದ ವಿವರ ಉಳಿದಿರುತ್ತದೆ, ಬೆಲೆ ಹದವಾಗಿರುತ್ತದೆ. ‘ಶ್ಟೆಂಪೆಲ್‌ಗ್ಲಾಂಟ್ಸ್’ ಅಚ್ಚಿನಿಂದ ಬಂದ ಹೊಳಪೇ ಉಳಿದದ್ದು. ದರ್ಜೆಯ ಪಕ್ಕದ ಪುಟ್ಟ ಪದಗಳನ್ನು ಬಿಡದೆ ಓದಿ: ‘ಗೆರೈನಿಗ್ಟ್’ ಎಂದರೆ ತೊಳೆದದ್ದು, ‘ಪೊಲೀರ್ಟ್’ ಉಜ್ಜಿ ಹೊಳೆಸಿದ್ದು, ‘ರಾಂಟ್‌ಫೇಲರ್’ ಅಂಚಿಗೆ ಪೆಟ್ಟು, ‘ಹೆಂಕೆಲ್‌ಶ್ಪೂರ್’ ಹಿಂದೆ ಕೊಂಡಿ ಬೆಸೆದಿದ್ದ ಗುರುತು. ಇವುಗಳಲ್ಲಿ ಯಾವುದಿದ್ದರೂ ಬೆಲೆ ಬೆಳ್ಳಿಯ ದರದ ಹತ್ತಿರಕ್ಕೆ ಇಳಿಯಬೇಕು. ಹರಾಜಿನಲ್ಲಿ ಕೂಗಿದ ಮೊತ್ತದ ಮೇಲೆ ಸಾಮಾನ್ಯವಾಗಿ 15ರಿಂದ 25 ಪ್ರತಿಶತ ಕಮಿಷನ್ ಸೇರುತ್ತದೆ, ಅದನ್ನು ಕಳೆದೇ ನಿಮ್ಮ ಮಿತಿ ಗೊತ್ತುಮಾಡಿಕೊಳ್ಳಿ.

ತೊಳೆಯುವ ವಿಷಯ ಗಟ್ಟಿಯಾಗಿ ಹೇಳಬೇಕು. ಹುಣಸೆಹುಳಿ, ವಿಭೂತಿ, ಟೂತ್‌ಪೇಸ್ಟ್, ಬೆಳ್ಳಿ ಸಾಮಾನು ಬೆಳಗುವ ಪುಡಿ ಇವು ಯಾವುದೂ ನಾಣ್ಯಕ್ಕೆ ಸೋಕಬಾರದು. ಅವು ಕಪ್ಪನ್ನಷ್ಟೇ ತೆಗೆಯುವುದಿಲ್ಲ, ಅಚ್ಚಿನ ಒತ್ತಡದಿಂದ ಮೂಡಿದ ಮೇಲ್ಮೈಯ ತೆಳು ಪದರವನ್ನೇ ಕೆರೆಯುತ್ತವೆ. ಆ ಪದರ ಮತ್ತೆ ಬರುವುದಿಲ್ಲ. ದೀಪದ ಕೆಳಗೆ ನಾಣ್ಯ ತಿರುಗಿಸಿದರೆ ಅಸಲಿ ಹೊಳಪು ಚಕ್ರದ ಕಡ್ಡಿಗಳಂತೆ ಸುತ್ತುತ್ತದೆ, ಉಜ್ಜಿದ್ದರಲ್ಲಿ ಒಂದೇ ದಿಕ್ಕಿನ ಕೂದಲೆಳೆ ಗೀರುಗಳು ಕಾಣುತ್ತವೆ. ಹಸಿರು ಜಿಗುಟು ಅಂಟಿದ್ದರೆ ಅದು ಹಳೆಯ ಪಿವಿಸಿ ಪ್ಲಾಸ್ಟಿಕ್ ಚೀಲದ ಕೆಲಸ. ಗಾಜಿನ ಬಟ್ಟಲಿನಲ್ಲಿ ಶುದ್ಧ ಅಸಿಟೋನ್ ಹಾಕಿ, ಕಿಟಕಿ ತೆರೆದು, ಬೆಂಕಿಯಿಂದ ದೂರ, ಹತ್ತು ನಿಮಿಷ ಮುಳುಗಿಸಿಡಿ. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ, ಸುಗಂಧ ಸೇರಿರುತ್ತವೆ.

ಇಡುವುದಕ್ಕೆ 28, 33, 38 ಮಿಲಿಮೀಟರ್‌ನ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳು ಜರ್ಮನಿಯಲ್ಲಿ ಸುಲಭವಾಗಿ ಸಿಗುತ್ತವೆ. ಮಂಗಳೂರಿಗೆ ಕಳಿಸುವುದಾದರೆ ಮಳೆಗಾಲ ನೆನಪಿರಲಿ: ಗಾಳಿಯಾಡದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು, ಅದರ ಬಣ್ಣ ಬದಲಾದಾಗ ಬದಲಿಸಿ. ರಬ್ಬರ್ ಬ್ಯಾಂಡ್, ಹಳೇ ಪತ್ರಿಕೆ ಕಾಗದ ಒಳಗಿದ್ದರೆ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ. ಕಬ್ಬಿಣದ ಪ್ಫೆನಿಗ್‌ಗಳನ್ನು ಬೇರೆಯೇ ಡಬ್ಬಿಯಲ್ಲಿಡಿ.

ಕಾನೂನಿನ ಎರಡು ಮಾತು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಭಾರತದಲ್ಲಿ ಪ್ರಾಚ್ಯವಸ್ತುವಾಗುತ್ತದೆ, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಂದರೆ ಊರಿಗೆ ತಂದಿಟ್ಟ 1911ರ ನಾಣ್ಯವನ್ನು ಮುಂದೆ ಜರ್ಮನಿಯ ಹರಾಜಿಗೆ ಕಳಿಸಲು ಹೊರಟರೆ ತೊಡಕಾಗುತ್ತದೆ. ಮಾರುವ ಯೋಚನೆ ಇದ್ದವನ್ನು ಅಲ್ಲೇ ಉಳಿಸಿ. ಮತ್ತೆ, ಊರಿಗೆ ತರುವಾಗ ಆಭರಣಕ್ಕಿರುವ ಸುಂಕ ವಿನಾಯಿತಿ ನಾಣ್ಯಕ್ಕೆ ಅನ್ವಯಿಸುವುದಿಲ್ಲ. ರಸೀದಿ ಜೊತೆಗಿಟ್ಟು ಘೋಷಿಸಿ.

ಕೊನೆಗೆ ಮನೆಯ ಪೆಟ್ಟಿಗೆಯ ರೂಪಿ. ಅದು ಜರ್ಮನಿಯದೇ, ಆದರೆ ಹುಟ್ಟಿದ ಕಾರಣ ನಮ್ಮ ರೂಪಾಯಿ. ಪೂರ್ವ ಆಫ್ರಿಕದ ಕರಾವಳಿಯ ವ್ಯಾಪಾರ ಭಾರತೀಯ ವರ್ತಕರ ಕೈಯಲ್ಲಿತ್ತು, ಅಲ್ಲಿ ಓಡುತ್ತಿದ್ದದ್ದು ಭಾರತದ ಬೆಳ್ಳಿ ರೂಪಾಯಿ. ಈಗಿನ ಟಾಂಜಾನಿಯ ಪ್ರದೇಶವನ್ನು ಹಿಡಿದ ಜರ್ಮನ್ ಪೂರ್ವ ಆಫ್ರಿಕ ಕಂಪನಿ ಮಾರ್ಕನ್ನು ಹೇರಲಿಲ್ಲ. 1890ರಿಂದ ರೂಪಾಯಿಯದೇ ತೂಕ, ಅದೇ ಶುದ್ಧತೆಯ ನಾಣ್ಯ ಹೊಡೆಸಿತು: 11.66 ಗ್ರಾಂ, ಸಾವಿರಕ್ಕೆ 917 ಬೆಳ್ಳಿ. ನಮ್ಮ 64 ಪೈಸೆಯಂತೆಯೇ ಅಲ್ಲಿ 64 ಪೆಸಾ. ಮುಖದಲ್ಲಿ ಹದ್ದಿನ ಶಿರಸ್ತ್ರಾಣ ತೊಟ್ಟ ಕೈಸರ್, ಹಿಂಬದಿಯಲ್ಲಿ ತಾಳೆಮರದಡಿಯ ಸಿಂಹ. 1904ರಿಂದ ಆಡಳಿತ ನೇರವಾಗಿ ಜರ್ಮನ್ ಸರ್ಕಾರದ ಹೆಸರಲ್ಲಿ ರೂಪಿ ಹೊಡೆಸಿ 100 ಹೆಲ್ಲರ್‌ಗಳಾಗಿ ಒಡೆಯಿತು. 1916ರಲ್ಲಿ ಯುದ್ಧದಿಂದ ಸಂಪರ್ಕ ಕಡಿದಾಗ ಟಬೋರಾದ ರೈಲ್ವೆ ಕಾರ್ಯಾಗಾರದಲ್ಲೇ ಆನೆಯ ಚಿತ್ರದ 15 ರೂಪಿಯ ಚಿನ್ನದ ನಾಣ್ಯವನ್ನೂ ಹೊಡೆದರು.

ನಿಮ್ಮ ರೂಪಿಯ ನೆತ್ತಿಯ ಕಡೆಯ ಅಂಚನ್ನು ಮಸೂರದಲ್ಲಿ ನೋಡಿ. ಕಾಸಿನ ಸರಕ್ಕೋ ಪದಕಕ್ಕೋ ಕೊಂಡಿ ಬೆಸೆದಿದ್ದರೆ ಅಲ್ಲಿ ಬೆಸುಗೆಯ ಬೂದು ಕಲೆ, ಅರದಿಂದ ತಿಕ್ಕಿದ ಚಪ್ಪಟೆ ಜಾಗ ಕಾಣುತ್ತದೆ. ಈ ನಾಣ್ಯದ ನಕಲಿಗಳು ಮಾರುಕಟ್ಟೆಯಲ್ಲಿ ಬಹಳ. ತೂಕ 11.5ರಿಂದ 11.7ರೊಳಗಿದ್ದು, ನೀರಿನ ಪರೀಕ್ಷೆಯಲ್ಲಿ 1.13ರ ಆಸುಪಾಸು ಬಂದರೆ ಲೋಹ ಸರಿ. ಆಮೇಲೆ ಸಿಂಹದ ಕೇಸರ ಮತ್ತು ಶಿರಸ್ತ್ರಾಣದ ಹದ್ದಿನ ಗರಿಗಳು ಬಿಡಿಬಿಡಿಯಾಗಿ ಕಾಣುತ್ತವೆಯೇ ನೋಡಿ. ಅದು ಊರಲ್ಲೇ ಇರುವುದರಿಂದ ಅಲ್ಲೇ ಇರಲಿ. ಮುಂದಿನ ಸಲ ಹೋಗುವಾಗ ತಕ್ಕಡಿ, ಮಸೂರ ಮತ್ತು 31 ಮಿಲಿಮೀಟರ್‌ನ ಒಂದು ಡಬ್ಬಿ ಒಯ್ಯಿರಿ. ಅಲ್ಲಿಯವರೆಗೆ ಮನೆಯವರಿಗೆ ಫೋನ್ ಮಾಡಿ, ಯಾರೂ ಅದನ್ನು ಬೆಳಗದಂತೆ ಹೇಳಿ.